ಈಜುಕೊಳದ ಪಂಪು ಸುಟ್ಟಿದೆ: 2 ಎಚ್‌ಪಿ ಹಾಕಲೇ, ವೇಗ ಬದಲಿಸುವ ಪಂಪು ಹಾಕಲೇ?

ನೀಲಿಕೊಳ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಈಜುಕೊಳದ ಪಂಪು ಸುಟ್ಟುಹೋಗಿದೆ. 1.5 ಎಚ್‌ಪಿ, ಒಂದೇ ವೇಗದ್ದು, ಹನ್ನೊಂದು ವರ್ಷ ದುಡಿದಿದೆ. ಕೊಳ 9 ಮೀಟರ್ ಉದ್ದ, 4.5 ಮೀಟರ್ ಅಗಲ, ಸರಾಸರಿ ಆಳ 1.4 ಮೀಟರ್. ಮರಳಿನ ಫಿಲ್ಟರ್. ಪೈಪು ಒಂದೂವರೆ ಇಂಚಿನದು, ಎಲ್ಲಾ ನೆಲದೊಳಗೆ ಹೂತಿದೆ. ದಿನಕ್ಕೆ 8 ಗಂಟೆ ಓಡಿಸುತ್ತಿದ್ದೆ. ಮನೆಯ ಕರೆಂಟ್ ಬಿಲ್ಲಿನಲ್ಲಿ ದೊಡ್ಡ ಪಾಲು ಇದರದ್ದೇ.

ನೋಡಲು ಬಂದ ಮೆಕ್ಯಾನಿಕ್ಕು "2 ಎಚ್‌ಪಿ ಹಾಕಿಬಿಡಿ, ನೀರು ಬೇಗ ತಿರುಗುತ್ತದೆ, ಕಡಿಮೆ ಹೊತ್ತು ಓಡಿಸಿದರೆ ಸಾಕು, ಕರೆಂಟೂ ಉಳಿಯುತ್ತದೆ" ಎಂದರು. ಕೇಳಿದಾಗ ಸರಿ ಎನಿಸಿತು. ಮಗಳು ಮಾತ್ರ ವೇಗ ಬದಲಿಸುವ ಪಂಪು ಹಾಕಿಸೋಣ ಎನ್ನುತ್ತಿದ್ದಾಳೆ. ಅದನ್ನು ನಿಧಾನವಾಗಿ, ಜಾಸ್ತಿ ಹೊತ್ತು ಓಡಿಸಬೇಕಂತೆ. ಜಾಸ್ತಿ ಹೊತ್ತು ಓಡಿದರೆ ಜಾಸ್ತಿ ಕರೆಂಟು ಅಲ್ವಾ? ನನಗೆ ಇದು ಅರ್ಥವಾಗುತ್ತಿಲ್ಲ. ನೀರು ನಿಂತು ನಾಲ್ಕು ದಿನ ಆಯಿತು, ಅಂಚಿನಲ್ಲಿ ಪಾಚಿ ಶುರುವಾಗಿದೆ. ಬಳಸಿ ಗೊತ್ತಿರುವವರು ಹೇಳಿ.

ತೇಲುಎಲೆ
2 ಎಚ್‌ಪಿ ಬೇಡ. ಮಗಳ ಮಾತು ಕೇಳಿ.

ಮುಂಜಾನೆಈಜು
ನಾಲ್ಕು ದಿನ ನಿಂತ ನೀರಿಗೆ ಮೊದಲು ಕ್ಲೋರಿನ್ ಹಾಕಿ. ಪಂಪು ಇಲ್ಲ ಅಂತ ಸುಮ್ನೆ ಬಿಡಬೇಡಿ. ಬಕೆಟ್ಟಿನಲ್ಲಿ ಕರಗಿಸಿ ಸುತ್ತಲೂ ಸುರಿದು, ಉದ್ದ ಹಿಡಿಯ ಬ್ರಶ್ಶಿನಿಂದ ನೀರನ್ನು ಚೆನ್ನಾಗಿ ಕಲಕಿ. ಗೋಡೆ ಉಜ್ಜಿ. ಪಂಪು ಬರುವವರೆಗೆ ದಿನಾ ಸಂಜೆ ಇಷ್ಟು ಮಾಡಿದರೆ ಪಾಚಿ ಹರಡುವುದಿಲ್ಲ. ಒಂದು ಮಾತು ಮರೆಯಬೇಡಿ, ಪುಡಿಯನ್ನು ನೀರಿಗೆ ಹಾಕಬೇಕು. ಪುಡಿಯ ಮೇಲೆ ನೀರು ಸುರಿಯಬಾರದು.

ಲೆಕ್ಕದಪುಸ್ತಕ
ನೀಲಿಕೊಳ ಅವರೇ, ನಿಮ್ಮ ಗೊಂದಲ ಎಲ್ಲರಿಗೂ ಬರುವಂಥದ್ದೇ. ಸ್ವಲ್ಪ ಲೆಕ್ಕ ಹಾಕೋಣ.

ನಿಮ್ಮ ಕೊಳದಲ್ಲಿ 9 × 4.5 × 1.4, ಅಂದರೆ ಸುಮಾರು 57 ಘನ ಮೀಟರ್ ನೀರಿದೆ. 57,000 ಲೀಟರ್. ಮನೆಯ ಕೊಳಕ್ಕೆ ದಿನಕ್ಕೆ ಒಮ್ಮೆ ಅಷ್ಟೂ ನೀರು ಫಿಲ್ಟರ್ ಮೂಲಕ ಹಾದುಬಂದರೆ ಸಾಮಾನ್ಯವಾಗಿ ಸಾಕು. ತುಂಬಾ ಜನ ಇಳಿದ ದಿನ, ಮಳೆ ಗಾಳಿಗೆ ಕಸ ಬಿದ್ದ ದಿನ ಜಾಸ್ತಿ ಬೇಕಾದೀತು.

ಹಳೆಯ ಪಂಪು ನಿಮಿಷಕ್ಕೆ 240 ಲೀಟರ್ ತಳ್ಳುತ್ತಿತ್ತು ಅಂದುಕೊಳ್ಳಿ. ಗಂಟೆಗೆ 14,400 ಲೀಟರ್. ನಾಲ್ಕೇ ಗಂಟೆಯಲ್ಲಿ ಕೊಳದಷ್ಟು ನೀರು ಹಾದುಹೋಗುತ್ತದೆ. ನೀವು 8 ಗಂಟೆ ಓಡಿಸುತ್ತಿದ್ದಿರಿ. ಅಂದರೆ ದಿನಕ್ಕೆ ಎರಡು ಸುತ್ತು.

ಈಗ ಮುಖ್ಯ ವಿಷಯ. ಪಂಪಿನ ವೇಗ ಅರ್ಧ ಮಾಡಿದರೆ ನೀರು ಅರ್ಧವಾಗುತ್ತದೆ. ಆದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ನೀರನ್ನು ತಳ್ಳಲು ಬೇಕಾದ ಶಕ್ತಿ ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಅರ್ಧ × ಅರ್ಧ × ಅರ್ಧ. ಹಾಗಾಗಿ ಎರಡರಷ್ಟು ಹೊತ್ತು ಓಡಿಸಿದರೂ, ಅಷ್ಟೇ ನೀರಿಗೆ ಕಾಲು ಭಾಗ ಶಕ್ತಿ ಸಾಕು. ಜಾಸ್ತಿ ಹೊತ್ತು, ಕಡಿಮೆ ಕರೆಂಟು. ಮಗಳು ಹೇಳಿದ್ದು ಇದನ್ನೇ.

ಹಳೇಮೋಟರ್
ಲೆಕ್ಕ ಕಾಗದದ ಮೇಲೆ ಸರಿ ಸರ್. ಆದರೆ ಎಂಟರಲ್ಲಿ ಒಂದು ಭಾಗ ಮೀಟರಿನಲ್ಲಿ ಕಾಣುವುದಿಲ್ಲ. ನಾನು ಮೋಟರ್ ಕೆಲಸದಲ್ಲೇ ಇರುವವನು, ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದ್ದೇನೆ. ವೇಗ ಇಳಿದಂತೆ ಮೋಟರಿನ ದಕ್ಷತೆಯೂ ಇಳಿಯುತ್ತದೆ, ವೇಗ ಹೊಂದಿಸುವ ಒಳಗಿನ ಎಲೆಕ್ಟ್ರಾನಿಕ್ ಡ್ರೈವ್ ಸಹ ಸ್ವಲ್ಪ ಕರೆಂಟು ತಿನ್ನುತ್ತದೆ. ಪೂರ್ತಿ ವೇಗದಲ್ಲಿ 1600 ವ್ಯಾಟ್ ಎಳೆಯುವ ಪಂಪು ಅರ್ಧ ವೇಗದಲ್ಲಿ 200ಕ್ಕೆ ಬರುವುದಿಲ್ಲ. 250, 300 ಅಂತ ಇಟ್ಟುಕೊಳ್ಳಿ. ಎಲ್ಲಿಯೋ ಆರರಲ್ಲಿ ಒಂದು, ಐದರಲ್ಲಿ ಒಂದು.

ಇನ್ನೊಂದು ಮಾತು. ಕ್ಲ್ಯಾಂಪ್ ಮೀಟರ್ ಆಂಪಿಯರ್ ಮಾತ್ರ ತೋರಿಸುತ್ತದೆ. ಅದನ್ನು ವೋಲ್ಟಿನಿಂದ ಗುಣಿಸಿ ವ್ಯಾಟ್ ಅಂದುಕೊಂಡರೆ ತಪ್ಪು, ಪವರ್ ಫ್ಯಾಕ್ಟರ್, ಅಂದರೆ ಎಳೆದದ್ದರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು, ಬಿಟ್ಟುಹೋಗುತ್ತದೆ. ಯೂನಿಟ್ ಮೀಟರ್ ಹಾಕಿ ಒಂದು ದಿನ ಓಡಿಸಿ ನೋಡಿದರೇ ನಿಜ ಗೊತ್ತಾಗುವುದು.

ಲೆಕ್ಕದಪುಸ್ತಕ
ಒಪ್ಪಿದೆ. ನಾನು ಹೇಳಿದ್ದು ನೀರಿನ ಕಡೆಯ ಲೆಕ್ಕ, ಮೀಟರಿನದ್ದಲ್ಲ. 280 ವ್ಯಾಟ್ ಅಂತಲೇ ಹಿಡಿಯೋಣ. 8 ಗಂಟೆಗೆ 2.2 ಯೂನಿಟ್. ಹಳೆಯದು 1600 ವ್ಯಾಟ್, 8 ಗಂಟೆಗೆ 12.8 ಯೂನಿಟ್.

ಸೀದಾಮಾತು
ಈ ಹೋಲಿಕೆ ಸರಿಯಿಲ್ಲ. ಹಳೆಯದು ಎರಡು ಸುತ್ತು ತಿರುಗಿಸುತ್ತಿತ್ತು, ಹೊಸದು ಒಂದೇ ಸುತ್ತು. ಹಾಗಾದರೆ ಹಳೆಯ ಥರದ್ದೇ ಪಂಪು ಹಾಕಿ 4 ಗಂಟೆ ಓಡಿಸಿದರೂ 6.4 ಯೂನಿಟ್ಟಿಗೆ ಇಳಿಯುತ್ತದೆ. ದುಬಾರಿ ಪಂಪು ಯಾಕೆ? ಟೈಮರ್ ಸಾಕಲ್ಲ!

ಲೆಕ್ಕದಪುಸ್ತಕ
ಒಳ್ಳೆಯ ಪ್ರಶ್ನೆ. ಇಂದು ಕೈಯಲ್ಲಿ ಒಂದೇ ವೇಗದ, ಚೆನ್ನಾಗಿರುವ ಪಂಪು ಇರುವವರು ಮೊದಲು ಮಾಡಬೇಕಾದ್ದು ಅದನ್ನೇ, ಓಡುವ ಹೊತ್ತು ಇಳಿಸುವುದು. ಖರ್ಚಿಲ್ಲದ ಉಳಿತಾಯ. ಆದರೆ ಒಂದೇ ಸುತ್ತಿಗೆ 6.4 ಯೂನಿಟ್ ಎಲ್ಲಿ, 2.2 ಎಲ್ಲಿ? ಮೂರರಲ್ಲಿ ಒಂದು ಭಾಗ. ಅದೂ ಅಲ್ಲದೆ 4 ಗಂಟೆ ಓಡಿಸಿದರೆ ಉಳಿದ 20 ಗಂಟೆ ನೀರು ನಿಂತೇ ಇರುತ್ತದೆ. ಮೂಲೆಗಳಿಗೆ, ಮೆಟ್ಟಿಲ ಹತ್ತಿರ ಕ್ಲೋರಿನ್ ತಲುಪುವುದಿಲ್ಲ. ಪಾಚಿ ಶುರುವಾಗುವುದೇ ಅಲ್ಲಿಂದ.

ಇನ್ನು ಆ 2 ಎಚ್‌ಪಿ ವಿಷಯ. ನೀಲಿಕೊಳ ಅವರ ಪೈಪು ಒಂದೂವರೆ ಇಂಚು, ಅಂದರೆ 40 ಮಿಲಿಮೀಟರ್. ಅದರಲ್ಲಿ ನಿಮಿಷಕ್ಕೆ 240 ಲೀಟರ್ ಹೋದರೆ ನೀರಿನ ವೇಗ ಸೆಕೆಂಡಿಗೆ 3.2 ಮೀಟರ್. ಹೀರುವ ಕಡೆಯ ಪೈಪಿನಲ್ಲಿ 1.8 ಮೀಟರ್ ದಾಟಬಾರದು ಎನ್ನುವುದು ಈ ಕೆಲಸದವರು ಪಾಲಿಸುವ ಮಿತಿ. ಈಗಾಗಲೇ ಆ ಪೈಪಿಗೆ ಉಸಿರುಗಟ್ಟಿದೆ. ಅದೇ ಪೈಪಿನಲ್ಲಿ ನೀರನ್ನು ನೂರಕ್ಕೆ 15 ಹೆಚ್ಚಿಸಬೇಕಾದರೆ ಶಕ್ತಿ ಒಂದೂವರೆಪಟ್ಟು ಬೇಕು. 2 ಎಚ್‌ಪಿ ಹಾಕಿದರೆ ಆಗುವುದು ಇಷ್ಟೇ. ಸ್ವಲ್ಪ ಜಾಸ್ತಿ ನೀರು, ತುಂಬಾ ಜಾಸ್ತಿ ಕರೆಂಟು, ಜೊತೆಗೆ ಸದ್ದು. ಅರ್ಧ ವೇಗದಲ್ಲಿ ಅದೇ ಪೈಪಿನಲ್ಲಿ ವೇಗ 1.6 ಮೀಟರ್. ಹೂತ ಪೈಪು ಅಗೆಯುವ ಕೆಲಸವೇ ತಪ್ಪಿತು.

ನೀಲಿಕೊಳ
ಈಗ ಅರ್ಥವಾಯಿತು. ಹಳೆಯ ಪಂಪು ಓಡುವಾಗ ಹೀರುವ ಕಡೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬರುತ್ತಿತ್ತು. ಬೇರಿಂಗ್ ಅಂದುಕೊಂಡಿದ್ದೆ.

ಹಳೇಮೋಟರ್
ಮೇಡಂ, ಜಲ್ಲಿಕಲ್ಲಿನ ಸದ್ದು ಅಂದರೆ ಪಂಪಿಗೆ ಬೇಕಾದಷ್ಟು ನೀರು ಸಿಗುತ್ತಿಲ್ಲ ಅಂತಲೇ ಅರ್ಥ. ಒಳಗೆ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಇಂಪೆಲ್ಲರನ್ನು, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರವನ್ನು, ಕೊರೆದುಹಾಕುತ್ತವೆ. ಬೇರಿಂಗ್ ಸದ್ದು ಬೇರೆ, ಅದು ಕಿರ್ ಎಂದು ಎಳೆದಂತೆ ಬರುತ್ತದೆ. ಹಳೆಯ ಪಂಪು ಬಿಚ್ಚಿದಾಗ ಇಂಪೆಲ್ಲರ್ ನೋಡಿ.

ಆದರೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಂದೇ ವೇಗದ ಮೋಟರ್ ಸುಟ್ಟರೆ ರಿವೈಂಡಿಂಗ್ ಮಾಡಿಸಬಹುದು. ಕೆಪಾಸಿಟರ್ ಹೋಗಿ ಗುಂಯ್ ಅನ್ನುತ್ತಾ ನಿಂತರೆ ಹತ್ತು ನಿಮಿಷದ ಕೆಲಸ. ಈ ವೇಗ ಬದಲಿಸುವ ಪಂಪುಗಳಲ್ಲಿ ಡ್ರೈವ್ ಬೋರ್ಡು ಹೋದರೆ ಬೋರ್ಡೇ ಬದಲಿಸಬೇಕು. ಕರೆಂಟು ಏರಿಳಿಯುವ ಕಡೆ, ಸಿಡಿಲು ಜಾಸ್ತಿ ಇರುವ ಕಡೆ ಅದು ಹೋಗೇ ಹೋಗುತ್ತದೆ. ಉಳಿಸಿದ್ದೆಲ್ಲ ಒಂದೇ ಸಲ ಅದಕ್ಕೇ ಹಾಕಬೇಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಉಪ್ಪುನೀರು
ಹೋಗೇ ಹೋಗುತ್ತದೆ ಅನ್ನುವುದು ಜಾಸ್ತಿಯಾಯಿತು. ನನ್ನದು ಆರನೇ ವರ್ಷ ನಡೆಯುತ್ತಿದೆ. ಸರ್ಜ್, ಅಂದರೆ ಕರೆಂಟು ಥಟ್ಟನೆ ಏರುವುದನ್ನು, ತಡೆಯುವ ಸಾಧನ ಹಾಕಿಸಿದ್ದೇನೆ. ಮೇಲೆ ಒಂದು ತಗಡಿನ ನೆರಳು, ಸುತ್ತ ಗಾಳಿ ಆಡಲು ಜಾಗ. ಬೋರ್ಡು ಕೆಡುವುದು ಬಿಸಿಗೆ ಮತ್ತು ನೀರಿಗೆ. ಪಂಪಿನ ಮೇಲೆ ಡಬ್ಬದಂತೆ ಮುಚ್ಚಿಹಾಕುವವರನ್ನು ನೋಡಿದ್ದೇನೆ, ಒಳಗೆ ಬೇಯುತ್ತದೆ.

ಅರ್ಧವೇಗ
ನಡುವಿನ ದಾರಿಯೊಂದು ಇದೆ, ಯಾರೂ ಹೇಳಲಿಲ್ಲ. ಎರಡು ವೇಗದ ಪಂಪು. ಒಂದು ಪೂರ್ತಿ ವೇಗ, ಇನ್ನೊಂದು ಅದರ ಅರ್ಧ. ಒಳಗೆ ಡ್ರೈವ್ ಬೋರ್ಡು ಇಲ್ಲ, ಸುರುಳಿಗಳ ಜೋಡಣೆ ಮಾತ್ರ ಬದಲಾಗುತ್ತದೆ. ಕಸ ಎಳೆಯಲು ಪೂರ್ತಿ, ಉಳಿದ ಹೊತ್ತೆಲ್ಲ ಅರ್ಧ. ಹಳೇಮೋಟರ್ ಅಣ್ಣನ ಭಯಕ್ಕೂ ಇದು ಉತ್ತರ. ಆದರೆ ಟೈಮರ್ ಎರಡೂ ವೇಗ ಬದಲಿಸುವಂಥದ್ದಾಗಬೇಕು. ಇಲ್ಲದಿದ್ದರೆ ಜನ ಪೂರ್ತಿ ವೇಗದಲ್ಲೇ ಬಿಟ್ಟು ಮರೆತುಬಿಡುತ್ತಾರೆ. ನಮ್ಮ ಮನೆಯಲ್ಲಿ ಮೊದಲ ವರ್ಷ ಆಗಿದ್ದೇ ಅದು.

ಲೆಕ್ಕದಪುಸ್ತಕ
ಎರಡು ವೇಗದ್ದು ಒಂದೇ ವೇಗಕ್ಕಿಂತ ಎಷ್ಟೋ ಮೇಲು, ನಿಜ. ಆದರೆ ಅದರ ಅರ್ಧ ವೇಗದಲ್ಲಿ ಮೋಟರಿನ ದಕ್ಷತೆ ಚೆನ್ನಾಗಿ ಬೀಳುತ್ತದೆ. ವೇಗ ಬದಲಿಸುವ ಪಂಪುಗಳಲ್ಲಿ ಸಾಮಾನ್ಯವಾಗಿ ಕಾಯಂ ಅಯಸ್ಕಾಂತದ ಮೋಟರ್ ಇರುತ್ತದೆ, ನಿಧಾನ ವೇಗದಲ್ಲೂ ಅಷ್ಟಾಗಿ ಪೋಲು ಮಾಡುವುದಿಲ್ಲ. ಇನ್ನು ಅರ್ಧ ವೇಗ ನಿಮ್ಮ ಕೊಳಕ್ಕೆ ಸರಿಹೊಂದದಿದ್ದರೆ ಎರಡು ವೇಗದ್ದರಲ್ಲಿ ಬೇರೆ ದಾರಿ ಇಲ್ಲ. ಅಮೆರಿಕದಲ್ಲಿ 2021ರ ಜುಲೈಯಲ್ಲಿ ಈಜುಕೊಳದ ಪಂಪುಗಳಿಗೆ ದಕ್ಷತೆಯ ಕಡ್ಡಾಯ ನಿಯಮ ಬಂತು. ಅದಾದ ಮೇಲೆ ಅಲ್ಲಿ ನೆಲದೊಳಗಿನ ಕೊಳಗಳಿಗೆ ಹೊಸದಾಗಿ ಹಾಕುವುದು ಬಹುಪಾಲು ವೇಗ ಬದಲಿಸುವ ಪಂಪನ್ನೇ.

ಕೊಳವೆಬಾವಿ
ಸ್ವಲ್ಪ ವಿಷಯಾಂತರ, ಕ್ಷಮಿಸಿ. ಇದೇ ಲೆಕ್ಕದಲ್ಲಿ ನನ್ನ ಮನೆ ಟ್ಯಾಂಕಿಗೆ ನೀರು ಏರಿಸುವ ಮೋಟರನ್ನೂ ಅರ್ಧ ವೇಗದಲ್ಲಿ ಓಡಿಸಿದರೆ ಕರೆಂಟು ಉಳಿಯುತ್ತದೆಯೇ?

ಲೆಕ್ಕದಪುಸ್ತಕ
ಇಲ್ಲ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕೊಳದ ನೀರು ಕೊಳದಿಂದ ಹೊರಟು ಕೊಳಕ್ಕೇ ಬಂದು ಬೀಳುತ್ತದೆ. ಮೇಲೆತ್ತುವ ಕೆಲಸ ಇಲ್ಲವೇ ಇಲ್ಲ ಎನ್ನಬಹುದು. ಪಂಪು ಹೋರಾಡುವುದು ಪೈಪಿನ, ಫಿಲ್ಟರಿನ ತಡೆಯ ಜೊತೆ ಮಾತ್ರ. ಆ ತಡೆ ನೀರು ನಿಧಾನವಾದಷ್ಟೂ ಇಳಿಯುತ್ತದೆ. ನಿಮ್ಮ ಟ್ಯಾಂಕಿನ ಎತ್ತರ ನೀರು ನಿಧಾನವಾದರೆ ಇಳಿಯುತ್ತದೆಯೇ? ಅರ್ಧ ವೇಗದಲ್ಲಿ ಒತ್ತಡ ಕಾಲು ಭಾಗ. ನೀರು ನಡುದಾರಿಗೆ ಏರಿ ಅಲ್ಲೇ ನಿಲ್ಲುತ್ತದೆ. ಮೋಟರ್ ಓಡುತ್ತದೆ, ಟ್ಯಾಂಕು ತುಂಬುವುದಿಲ್ಲ.

ಕೊಳದ ನೀರನ್ನು ಛಾವಣಿಯ ಸೋಲಾರ್ ಹೀಟರಿಗೆ ಏರಿಸುವವರೂ ಇದನ್ನು ಗಮನಿಸಬೇಕು. ಹೀಟರ್ ಓಡುವ ಹೊತ್ತಿಗೆ ವೇಗ ಏರಿಸಲೇಬೇಕು.

ಸೀದಾಮಾತು
ಈಗಿರುವ ಒಂದೇ ವೇಗದ ಪಂಪಿಗೇ ಫ್ಯಾನ್ ರೆಗ್ಯುಲೇಟರ್ ಥರದ್ದೇನಾದರೂ ಹಾಕಿದರೆ? ಇಲ್ಲವೇ ವಾಲ್ವನ್ನು ಅರ್ಧ ಮುಚ್ಚಿದರೆ?

ಹಳೇಮೋಟರ್
ರೆಗ್ಯುಲೇಟರ್ ಹಾಕಲೇಬೇಡಿ! ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟರಿಗೆ ವೋಲ್ಟ್ ಇಳಿಸಿದರೆ ಅದು ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ. ಸುಟ್ಟೇ ಹೋಗುತ್ತದೆ. ಮೋಟರ್ ತ್ರೀ ಫೇಸಿನದಾದರೆ ಹೊರಗಿನಿಂದ ವಿಎಫ್‌ಡಿ (ಕರೆಂಟಿನ ಆವರ್ತನ ಬದಲಿಸುವ ಸಾಧನ) ಹಾಕಿ ವೇಗ ಇಳಿಸಬಹುದು, ಅದು ಒಳ್ಳೆಯ ದಾರಿ. ಸಿಂಗಲ್ ಫೇಸಿಗೆ ಬೇಡ.

ವಾಲ್ವು ಮುಚ್ಚಿದರೆ ಲೋಡು ಏರಿ ಕರೆಂಟು ಜಾಸ್ತಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು. ಈ ಥರದ ಪಂಪಿನಲ್ಲಿ ಹೊರಹೋಗುವ ವಾಲ್ವು ಮುಚ್ಚಿದರೆ ಆಂಪಿಯರ್ ಇಳಿಯುತ್ತದೆ. ಆದರೆ ಸ್ವಲ್ಪವೇ ಇಳಿಯುತ್ತದೆ, ನೀರು ಮಾತ್ರ ತುಂಬಾ ಇಳಿಯುತ್ತದೆ. ಲೀಟರಿನ ಲೆಕ್ಕದಲ್ಲಿ ನಷ್ಟವೇ. ಹೀರುವ ಕಡೆಯ ವಾಲ್ವನ್ನಂತೂ ಅರ್ಧ ಮುಚ್ಚಿ ಓಡಿಸಬೇಡಿ, ಆ ಜಲ್ಲಿಕಲ್ಲಿನ ಸದ್ದು ಶುರುವಾಗುತ್ತದೆ.

ಉಪ್ಪುನೀರು
ನಿಧಾನ ವೇಗದ ತೊಂದರೆಗಳನ್ನೂ ಹೇಳಬೇಕಲ್ಲ. ನನ್ನ ಅನುಭವದಲ್ಲಿ ಮೂರು.

ಮೊದಲನೆಯದು ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಸೆಲ್. ಅದಕ್ಕೆ ಇಂತಿಷ್ಟು ನೀರು ಹರಿಯಲೇಬೇಕು, ಇಲ್ಲದಿದ್ದರೆ ಫ್ಲೋ ಸ್ವಿಚ್ ಅದನ್ನು ನಿಲ್ಲಿಸುತ್ತದೆ. ನಾನು ಆಸೆಯಿಂದ 1200 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 1200 ಸುತ್ತಿಗೆ, ಇಳಿಸಿದ್ದೆ. ಪಂಪು ಓಡುತ್ತಿತ್ತು, ಸೆಲ್ಲಿನಲ್ಲಿ ಕೆಂಪು ದೀಪ. ವಾರ ಕಳೆದು ನೀರು ಮಂಕಾದಾಗಲೇ ನಾನು ಅದನ್ನು ಗಮನಿಸಿದ್ದು. 1500ಕ್ಕೆ ಏರಿಸಿದೆ, ಸರಿಹೋಯಿತು. ಗ್ಯಾಸ್ ಹೀಟರ್, ಹೀಟ್ ಪಂಪ್ ಇರುವವರಿಗೂ ಇದೇ ಮಾತು.

ಎರಡನೆಯದು ಸ್ಕಿಮ್ಮರ್, ನೀರಿನ ಮೇಲಿನ ಕಸ ಎಳೆದುಕೊಳ್ಳುವ ಕಿಂಡಿ. ತೀರಾ ನಿಧಾನವಾದರೆ ಮೇಲೆ ತೇಲುವ ಎಲೆ, ಹುಳು ಅದರ ಬಾಯಿಗೆ ಬರುವುದೇ ಇಲ್ಲ. ದಿನಕ್ಕೆ ಒಂದು ಗಂಟೆ ಜೋರಾಗಿ ಓಡಿಸುತ್ತೇನೆ.

ಮೂರನೆಯದು ನೀರು ಹಿಡಿಯುವುದು. ಪಂಪು ಕೊಳದ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಶುರುವಿನಲ್ಲಿ ಕೆಲವು ನಿಮಿಷ ಪೂರ್ತಿ ವೇಗ ಬೇಕು. ಹೆಚ್ಚಿನ ಪಂಪುಗಳಲ್ಲಿ ಅದನ್ನು ಮೊದಲೇ ಹೊಂದಿಸಿಡಬಹುದು. ಬುಟ್ಟಿಯ ಮುಚ್ಚಳದ ಕೆಳಗಿನ ರಬ್ಬರ್ ಉಂಗುರ ಒಣಗಿದ್ದರೆ ಅಲ್ಲಿಂದ ಗಾಳಿ ಎಳೆಯುತ್ತದೆ. ಸಿಲಿಕೋನ್ ಗ್ರೀಸ್ ಹಚ್ಚಿ. ಪೆಟ್ರೋಲಿಯಂ ಜೆಲ್ಲಿ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ತೇಲುಎಲೆ
ಎಲೆ ಬೀಳುವ ಮರ ಹತ್ತಿರ ಇದ್ದರೆ ಕೊಳಕ್ಕೆ ಹೊದಿಕೆ ಹಾಕಿ. ನಾವು ಹೊದಿಕೆ ಹಾಕಿದ ಮೇಲೆ ಜೋರಾಗಿ ಓಡಿಸುವ ಹೊತ್ತು ಅರ್ಧಕ್ಕಿಳಿಯಿತು. ನೀರು ಆವಿಯಾಗುವುದೂ ತುಂಬಾ ಕಡಿಮೆಯಾಯಿತು. ಪಂಪಿನ ಬಗ್ಗೆ ಇಷ್ಟು ಮಾತಾಡುತ್ತೇವೆ, ಹೊದಿಕೆಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮಕ್ಕಳಮನೆ
ಹೊದಿಕೆ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಸೂರ್ಯನ ಶಾಖ ಹಿಡಿಯುವ ತೆಳು ಗುಳ್ಳೆ ಹೊದಿಕೆಯ ಮೇಲೆ ಮಗು ಕಾಲಿಟ್ಟರೆ ಅದು ತಡೆಯುವುದಿಲ್ಲ. ಹೊದಿಕೆ ಇದೆ ಅಂತ ಬೇಲಿ ಬಿಡಬೇಡಿ.

ಪಂಪು ಬದಲಿಸುವಾಗ ತಳದ ಜಾಲರಿಯನ್ನೂ ನೋಡಿಸಿ. ಜೋರು ಪಂಪು, ತಳದಲ್ಲಿ ಒಂದೇ ತೂತು, ಜಾಲರಿ ಒಡೆದಿದೆ ಅಂದರೆ ಕೂದಲು, ಕೈ ಸಿಕ್ಕಿಕೊಳ್ಳುವ ಅಪಾಯ ನಿಜವಾಗಿಯೂ ಇದೆ. ದೂರ ದೂರ ಎರಡು ತೂತು, ಉಬ್ಬಿದ ಸುರಕ್ಷತಾ ಜಾಲರಿ ಇರಬೇಕು. ನಿಧಾನ ವೇಗದಲ್ಲಿ ಎಳೆತವೂ ಕಡಿಮೆ. ನನಗೆ ಕರೆಂಟಿಗಿಂತ ಇದೇ ದೊಡ್ಡ ಕಾರಣ. ಅರ್ಥಿಂಗ್ ಮತ್ತು ಆರ್‌ಸಿಡಿ (ಕರೆಂಟು ಸೋರಿದ ಕೂಡಲೇ ಕಡಿಯುವ ಸ್ವಿಚ್) ಇಲ್ಲದೆ ಯಾವ ಪಂಪನ್ನೂ ಚಾಲೂ ಮಾಡಬೇಡಿ.

ಹಳೇಮೋಟರ್
ಇದಕ್ಕೆ ನನ್ನ ನೂರಕ್ಕೆ ನೂರು ಒಪ್ಪಿಗೆ.

ಮುಂಜಾನೆಈಜು
ರಾತ್ರಿ ಓಡಿಸಬೇಕೋ ಹಗಲೋ? ರಾತ್ರಿ ಯೂನಿಟ್ ದರ ಕಡಿಮೆ ಇರುವ ಕಡೆ ಎಲ್ಲರೂ ರಾತ್ರಿಗೇ ಇಡುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಕ್ಲೋರಿನ್ ತಿನ್ನುವುದು ಬಿಸಿಲು. ಹಗಲಲ್ಲೇ ನೀರು ಆಡಬೇಕು.

ಅರ್ಧವೇಗ
ಬಿಸಿಲಿಗೆ ಉತ್ತರ ಪಂಪಲ್ಲ, ನೀರಿಗೆ ಹಾಕುವ ಸ್ಟೆಬಿಲೈಜರ್, ಅಂದರೆ ಸಯನ್ಯೂರಿಕ್ ಆಮ್ಲ. ಅದು 30ರಿಂದ 50 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು) ಇದ್ದರೆ ಕ್ಲೋರಿನ್ ಬಿಸಿಲಿಗೆ ಅಷ್ಟು ಬೇಗ ಹೋಗುವುದಿಲ್ಲ. ಅದು ಇಲ್ಲದಿದ್ದರೆ ಹಗಲೆಲ್ಲ ಪಂಪು ಓಡಿಸಿದರೂ ಕ್ಲೋರಿನ್ ಉಳಿಯದು. ಪಿಎಚ್ 7.2ರಿಂದ 7.8ರ ನಡುವೆ ಇರಲಿ. ನೀರು ಹಸಿರಾದ ಕೂಡಲೇ ಪಂಪಿನ ಗಂಟೆ ಏರಿಸುವವರು ಜಾಸ್ತಿ. ಮೊದಲು ನೀರು ಪರೀಕ್ಷೆ ಮಾಡಿ ಸ್ವಾಮಿ!

ಮುಂಜಾನೆಈಜು
ಸ್ಟೆಬಿಲೈಜರ್ ಮಾತು ಸರಿ. ಆದರೂ ನಿಧಾನ ವೇಗದಲ್ಲಿ ಹಗಲು ಒಂದಷ್ಟು, ರಾತ್ರಿ ಒಂದಷ್ಟು ಹಂಚಿ ಓಡಿಸುವುದೇ ನನಗೆ ಹಿಡಿಸಿದ್ದು. ಮನೆ ಮೇಲೆ ಸೋಲಾರ್ ಕರೆಂಟು ಇರುವವರಿಗಂತೂ ಹಗಲೇ ಲಾಭ.

ಲೆಕ್ಕದಪುಸ್ತಕ
ಕೊಳ್ಳುವಾಗ ನೋಡಬೇಕಾದ್ದು: ಡಬ್ಬದ ಮೇಲಿನ ಎಚ್‌ಪಿ ನಂಬಿ ಹೋಲಿಸಬೇಡಿ. ಮೋಟರ್ ಒಳಗೆಳೆಯುವ ಶಕ್ತಿ ಬೇರೆ, ಹೊರಗೆ ಕೊಡುವ ಶಕ್ತಿ ಬೇರೆ. ಪ್ಲೇಟಿನ ಮೇಲೆ ಪಿ1, ಪಿ2 ಅಂತ ಬರೆದಿರುತ್ತಾರೆ. ಪಿ1 ನಿಮ್ಮ ಬಿಲ್ಲಿಗೆ ಬರುವುದು. ಪಂಪಿನ ಕರ್ವ್ ಕೇಳಿ, ಯಾವ ಒತ್ತಡಕ್ಕೆ ಎಷ್ಟು ನೀರು ಅಂತ ಅದರಲ್ಲಿ ಇರುತ್ತದೆ. ಅದನ್ನು ತೋರಿಸಲಾಗದವರ ಹತ್ತಿರ ಕೊಳ್ಳಬೇಡಿ. ದುಡ್ಡು ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಎಂದು ತಿಳಿಯಲು, ದಿನಕ್ಕೆ ಉಳಿಯುವ ಯೂನಿಟ್ಟನ್ನು ನಿಮ್ಮ ದರದಿಂದ ಗುಣಿಸಿ, ಪಂಪಿಗೆ ಕೊಟ್ಟ ದುಡ್ಡನ್ನು ಅದರಿಂದ ಭಾಗಿಸಿ. ವರ್ಷದಲ್ಲಿ ಮೂರೇ ತಿಂಗಳು ಈಜುವವರಿಗೆ ಅದು ನಿಧಾನ. ವರ್ಷವಿಡೀ ಓಡಿಸುವವರಿಗೆ ಬೇಗ.

ನೀಲಿಕೊಳ
ಮೂರು ವಾರದ ನಂತರ ಬರೆಯುತ್ತಿದ್ದೇನೆ. ವೇಗ ಬದಲಿಸುವ 1.5 ಎಚ್‌ಪಿ ಪಂಪು ಹಾಕಿಸಿದೆ. ಹಳೆಯದರ ಇಂಪೆಲ್ಲರ್ ಹಳೇಮೋಟರ್ ಅವರು ಹೇಳಿದ ಹಾಗೇ ಕೊರೆದುಹೋಗಿತ್ತು. ಬೆಳಿಗ್ಗೆ ಒಂದು ಗಂಟೆ ಹೊತ್ತು 2600 ಆರ್‌ಪಿಎಂ, ಆಮೇಲೆ 10 ಗಂಟೆ ಹೊತ್ತು 1450. ಬೇರೆ ಯೂನಿಟ್ ಮೀಟರ್ ಹಾಕಿಸಿದ್ದೇನೆ. ದಿನಕ್ಕೆ 4 ಯೂನಿಟ್ಟಿನ ಒಳಗೇ ಇದೆ. ನೀರಿನ ತಳದ ಹೆಂಚಿನ ಗೆರೆ ಸಹ ಕಾಣುತ್ತಿದೆ. ಪಕ್ಕದಲ್ಲಿ ಕೂತು ಮಾತಾಡಬಹುದು, ಅಷ್ಟು ಸದ್ದು ಕಡಿಮೆ. ಎಲ್ಲರಿಗೂ ತುಂಬಾ ಧನ್ಯವಾದ.

ಒಂದೇ ಅನುಮಾನ. ಫಿಲ್ಟರಿನ ಮೇಲಿನ ಪ್ರೆಶರ್ ಗೇಜ್ ಮೂರರ ಹತ್ತಿರವೇ ನಿಂತಿದೆ. ಮೊದಲು 12 ಪಿಎಸ್‌ಐ ತೋರಿಸುತ್ತಿತ್ತು. ಕೆಟ್ಟಿದೆಯೇ? ಯಾವಾಗ ಬ್ಯಾಕ್‌ವಾಶ್ (ನೀರನ್ನು ಹಿಂದುಮುಂದಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಮಾಡಬೇಕು ಅಂತ ಹೇಗೆ ತಿಳಿಯುವುದು?

ಹಳೇಮೋಟರ್
ಗೇಜ್ ಸರಿಯಾಗಿದೆ ಮೇಡಂ. ಅರ್ಧ ವೇಗಕ್ಕೆ ಒತ್ತಡ ಕಾಲು ಭಾಗ ಅಂತ ಲೆಕ್ಕದವರು ಮೊದಲೇ ಹೇಳಿದ್ದಾರಲ್ಲ, ಅದೇ. ಶುದ್ಧ ಫಿಲ್ಟರಿನ ಒತ್ತಡಕ್ಕಿಂತ 8, 10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಬೇಕು ಅನ್ನುವ ಮಾತು ಪೂರ್ತಿ ವೇಗಕ್ಕೆ ಮಾತ್ರ. 1450ರಲ್ಲಿ ಅದನ್ನೇ ಕಾಯುತ್ತಾ ಕೂತರೆ ಫಿಲ್ಟರ್ ಪೂರ್ತಿ ಕಟ್ಟಿಕೊಂಡರೂ ಗೊತ್ತಾಗುವುದಿಲ್ಲ. ಒಮ್ಮೆ ಚೆನ್ನಾಗಿ ಬ್ಯಾಕ್‌ವಾಶ್ ಮಾಡಿ, ಹಳೆಯ ಪಂಪಿನ ವೇಗಕ್ಕೆ, ಅಂದರೆ 2850ಕ್ಕೆ ಏರಿಸಿ ಗೇಜ್ ನೋಡಿ ಬರೆದಿಡಿ. ವಾರಕ್ಕೊಮ್ಮೆ ಅದೇ ವೇಗದಲ್ಲಿ ನೋಡಿ ಹೋಲಿಸಿ. ಬ್ಯಾಕ್‌ವಾಶನ್ನೂ ಜೋರು ವೇಗದಲ್ಲೇ ಮಾಡಿ. ನಿಧಾನ ನೀರಿಗೆ ಮರಳು ಎದ್ದು ಕೊಳೆ ಬಿಡುವುದಿಲ್ಲ. ವಾಲ್ವಿನ ಹಿಡಿ ತಿರುಗಿಸುವ ಮೊದಲು ಪಂಪು ನಿಲ್ಲಿಸಿ.

ನೀಲಿಕೊಳ
ಈಗಷ್ಟೇ ಮಾಡಿ ಬಂದೆ. 2850ರಲ್ಲಿ 11. ಮಾರ್ಕರಿನಲ್ಲಿ ಫಿಲ್ಟರಿನ ಮೇಲೆಯೇ ಬರೆದಿದ್ದೇನೆ, ತಾರೀಖಿನ ಜೊತೆ.